ಹೊರದೇಶದ ಕ್ಲಾಸಿನ ಜೊತೆ ಸೇರಿ ಪಾಠ ಮಾಡುವುದು ಹೇಗೆ? ಶುರುವಿನಿಂದ ಕೊನೆಯವರೆಗೆ

ನಮ್ಮ ಮೊದಲ ವಿಡಿಯೊ ಕರೆ ಹನ್ನೊಂದು ನಿಮಿಷಕ್ಕೆ ಮುಗಿಯಿತು. ಆ ಕಡೆ ಯುರೋಪಿನ ಒಂದು ಶಾಲೆ, ಈ ಕಡೆ ಉಡುಪಿ ಹತ್ತಿರದ ನಮ್ಮ ಒಂಬತ್ತನೇ ಕ್ಲಾಸು. ಅವರು ಕೈ ಬೀಸಿದರು, ನಾವೂ ಬೀಸಿದೆವು. ಹೆಸರು ಹೇಳಿಕೊಂಡೆವು, ಇಷ್ಟದ ಬಣ್ಣ ಕೇಳಿಕೊಂಡೆವು. ನಮ್ಮ ಹುಡುಗನೊಬ್ಬ ಧೈರ್ಯ ಮಾಡಿ ಮುಂದೆ ಬಂದು 'ಊಟ ಆಯ್ತಾ' ಅನ್ನುವುದನ್ನು ಇಂಗ್ಲಿಷಿನಲ್ಲಿ ಕೇಳಿದ. ನಮಗೆ ಮಧ್ಯಾಹ್ನ ಎರಡು, ಅವರಿಗೆ ಬೆಳಿಗ್ಗೆ ಒಂಬತ್ತೂವರೆ. ಆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎರಡೂ ಕಡೆ ಮೌನ. ಫೋಟೊ ಮಾತ್ರ ಚೆನ್ನಾಗಿ ಬಂದಿತ್ತು.

ತಪ್ಪು ಮಕ್ಕಳದ್ದಲ್ಲ, ನನ್ನದು. ಕರೆ ಮಾಡುವುದೇ ಕೆಲಸ ಅಂದುಕೊಂಡಿದ್ದೆ. ಮಾತಾಡಲಿಕ್ಕೆ ವಿಷಯ ಇಲ್ಲದೆ ದೊಡ್ಡವರಿಗೇ ಮಾತು ಬರುವುದಿಲ್ಲ, ಹದಿನಾಲ್ಕು ವರ್ಷದ ಮಕ್ಕಳಿಗೆ ಎಲ್ಲಿಂದ ಬರಬೇಕು?

ಈಗ ಯಾವುದೇ ಪ್ರಾಜೆಕ್ಟ್ ಮನಸ್ಸಿಗೆ ಬಂದರೂ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಆ ಕಡೆಯ ಮಕ್ಕಳು ಇಲ್ಲದೆ ನಮ್ಮ ಮಕ್ಕಳಿಗೆ ಇದನ್ನು ಮುಗಿಸಲು ಆಗುತ್ತದಾ? ಆಗುತ್ತದೆ ಅಂದ್ರೆ ಬಿಟ್ಟುಬಿಡುತ್ತೇನೆ. 'ನಮ್ಮ ಹಬ್ಬ, ನಿಮ್ಮ ಹಬ್ಬ' ಅಂತ ಸ್ಲೈಡ್ ಮಾಡಿ ತೋರಿಸುವುದಕ್ಕೆ ಆ ಕಡೆಯವರು ಬೇಕಾಗಿಲ್ಲ, ಗೂಗಲ್ ಸಾಕು.

ಮೊದಲು ಕೆಲಸ ಹುಡುಕಿ, ಆಮೇಲೆ ಜೊತೆಗಾರರನ್ನು

ನಮಗೆ ಚೆನ್ನಾಗಿ ಕೂಡಿಬಂದ ಕೆಲಸವನ್ನೇ ಉದಾಹರಣೆಗೆ ಹೇಳುತ್ತೇನೆ. ಭೂಮಿಯ ಸುತ್ತಳತೆ ಅಳೆಯುವುದು. ಕ್ರಿ.ಪೂ. 3ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಎರಟೋಸ್ತನೀಸ್ ಇದನ್ನು ನೆರಳಿನಿಂದಲೇ ಲೆಕ್ಕ ಹಾಕಿದ್ದ. ಒಂದೇ ದಿನ, ಮಧ್ಯಾಹ್ನ ಸೂರ್ಯ ಅತಿ ಎತ್ತರಕ್ಕೆ ಬಂದಾಗ, ಎರಡು ಊರುಗಳಲ್ಲಿ ಕೋಲು ನೆಟ್ಟು ನೆರಳು ಅಳೆಯಬೇಕು. ಎರಡೂ ಕಡೆಯ ಸೂರ್ಯನ ಕೋನದ ವ್ಯತ್ಯಾಸ ಸಿಕ್ಕಿದರೆ, ಊರುಗಳ ನಡುವಿನ ದೂರ ಗೊತ್ತಿದ್ದರೆ, ಇಡೀ ಭೂಮಿಯ ಸುತ್ತಳತೆ ಬರುತ್ತದೆ. ಒಂದೇ ಊರಿನ ನೆರಳು ಇಟ್ಟುಕೊಂಡು ಏನೂ ಮಾಡುವಂತಿಲ್ಲ. ನಮಗೆ ಅವರ ಅಳತೆ ಬೇಕು, ಅವರಿಗೆ ನಮ್ಮದು. ಇದೇ ಇದರ ಚಂದ.

ಎರಡು ಊರುಗಳು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿ, ಒಂದು ಉತ್ತರಕ್ಕೆ ಒಂದು ದಕ್ಷಿಣಕ್ಕೆ ಇದ್ದರೆ ಲೆಕ್ಕ ಸುಲಭ. ಉಡುಪಿ ಸುಮಾರು 74.7 ಡಿಗ್ರಿ ಪೂರ್ವದಲ್ಲಿ ಉಂಟು. ಭೂಪಟದಲ್ಲಿ ಬೆರಳಿಟ್ಟು ನೇರ ಮೇಲೆ ಹೋಗಿ. ಶ್ರೀನಗರ ಸಿಗುತ್ತದೆ. ಇನ್ನೂ ಮೇಲೆ ಹೋದರೆ ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್. ನಾನು ಇದನ್ನು ಮೊದಲು ನೋಡಿದಾಗ ಸ್ಕೇಲ್ ಇಟ್ಟು ಇನ್ನೊಮ್ಮೆ ನೋಡಿದೆ ಮಾರಾಯ್ರೆ, ಅಷ್ಟು ನೇರ!

ಲೆಕ್ಕ ಬೇಡ ಅನ್ನುವವರಿಗೆ ಬೇರೆ ದಾರಿಗಳೂ ಇವೆ. ಮಳೆ ಅಳೆಯಿರಿ. ನೇರ ಬದಿಯ ಪ್ಲಾಸ್ಟಿಕ್ ಬಾಟಲಿಯ ತಲೆ ಕತ್ತರಿಸಿ ಅದನ್ನೇ ಕವುಚಿ ಆಲಿಕೆಯ ಹಾಗೆ ಇಡಿ, ಬುಡಕ್ಕೆ ಕಲ್ಲು ಹಾಕಿ ಸೊನ್ನೆ ಗುರುತಿನವರೆಗೆ ನೀರು ತುಂಬಿಸಿ, ಬದಿಗೆ ಸ್ಕೇಲ್ ಅಂಟಿಸಿ. ದಿನಾ ಬೆಳಿಗ್ಗೆ 8:30ಕ್ಕೆ ಓದಿ, ಹವಾಮಾನ ಇಲಾಖೆಯವರೂ ಅದೇ ಹೊತ್ತಿಗೆ ಅಳೆಯುತ್ತಾರೆ. ಜುಲೈಯಲ್ಲಿ ನಮ್ಮ ಬಾಟಲಿ ಉಕ್ಕಿ ಹರಿದದ್ದೇ ಉಂಟು, ಹಾಗಾಗಿ ಜೋರು ಮಳೆಯ ದಿನ ಎರಡು ಸಲ ಓದಿ ಕೂಡಿಸಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ, ಬರ್ಲಿನ್‌ನಲ್ಲಿ 600ರ ಹತ್ತಿರ. ಅಲ್ಲಿಯ ಮಕ್ಕಳು ನಮ್ಮ ಅಂಕಿ ನೋಡಿ ಸೊನ್ನೆ ಒಂದು ಜಾಸ್ತಿ ಬಿತ್ತಾ ಅಂತ ಕೇಳಿಯೇ ಕೇಳುತ್ತಾರೆ. ಅಲ್ಲಿಂದ ಮಾತು ಶುರು.

ಇಲ್ಲವೇ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳು. ಲಾವಾ ತಣಿಯುವಾಗ ಬಿರುಕು ಬಿಟ್ಟು ಆದವು, ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದವು, ಸುಮಾರು 8.8 ಕೋಟಿ ವರ್ಷ ಹಳೆಯವು. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲೂ ಇಂಥದ್ದೇ ಕಂಬಗಳು. ಎಷ್ಟು ಕಂಬಕ್ಕೆ ಐದು ಮೂಲೆ, ಎಷ್ಟಕ್ಕೆ ಆರು, ಎಷ್ಟಕ್ಕೆ ಏಳು ಅಂತ ಎರಡೂ ಕಡೆಯವರು ಎಣಿಸಿ ಹೋಲಿಸಬಹುದು. ಮಳೆಗಾಲದಲ್ಲಿ ದ್ವೀಪಕ್ಕೆ ಬೋಟ್ ಇಲ್ಲ ಅನ್ನುವುದು ನೆನಪಿರಲಿ.

ಜೊತೆ ಶಾಲೆ ಎಲ್ಲಿ ಸಿಗುತ್ತದೆ?

ಐಅರ್ನ್ ಅನ್ನುವ ಜಾಲ 1988ರಿಂದ ಈ ಕೆಲಸ ಮಾಡುತ್ತಿದೆ. ನ್ಯೂಯಾರ್ಕ್ ಮತ್ತು ಮಾಸ್ಕೊದ ಶಾಲೆಗಳನ್ನು ಜೋಡಿಸುವುದರಿಂದ ಶುರುವಾದದ್ದು, ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿದೆ, ಭಾರತದಲ್ಲೂ ಇದೆ. ಅಲ್ಲಿ ತಯಾರಿದ್ದ ಪ್ರಾಜೆಕ್ಟಿಗೆ ಸೇರಿಕೊಳ್ಳಬಹುದು, ಮೊದಲ ಸಲದವರಿಗೆ ಅದು ಸುಲಭ. ಯುರೋಪಿನವರು ಇಟ್ವಿನಿಂಗ್ ಅನ್ನುವ ತಮ್ಮ ಜಾಲದ ಹೆಸರು ಹೇಳುತ್ತಾರೆ, 2005ರಿಂದ ಇದೆ, ಆದರೆ ಅದು ಯುರೋಪ್ ಮತ್ತು ಅದರ ನೆರೆಯ ಕೆಲವು ದೇಶಗಳ ಶಾಲೆಗಳಿಗೆ. ನಮ್ಮಂಥವರು ಅಲ್ಲಿ ಬಾಗಿಲು ತಟ್ಟಿ ಸಮಯ ಹಾಳುಮಾಡುವುದು ಬೇಡ.

ಹಳೆ ಮಾರ್ಗದರ್ಶಿಗಳನ್ನು ನಂಬಿ ಕೂತರೆ ಇನ್ನೊಂದು ತೊಂದರೆ. ಅವುಗಳಲ್ಲಿ ಅರ್ಧಕ್ಕರ್ಧ ವಿಡಿಯೊ ಕರೆಯ ಸ್ಕೈಪ್ ಮತ್ತು ಮಕ್ಕಳು ಚಿಕ್ಕ ವಿಡಿಯೊ ಮಾಡಿ ಹಾಕುತ್ತಿದ್ದ ಫ್ಲಿಪ್ ಬಗ್ಗೆಯೇ. ಫ್ಲಿಪ್‌ನ ವೆಬ್‌ಸೈಟ್ ಮತ್ತು ಆ್ಯಪ್ 2024ರ ಜುಲೈಯಲ್ಲಿ ನಿಂತವು, ಸ್ಕೈಪ್ 2025ರ ಮೇಯಲ್ಲಿ ಮುಚ್ಚಿತು. ಅದಕ್ಕೇ ಮಕ್ಕಳು ಮಾಡಿದ ಕೆಲಸದ ಒಂದು ಪ್ರತಿ ಯಾವತ್ತೂ ಶಾಲೆಯ ಕಂಪ್ಯೂಟರಿನಲ್ಲಿ ಇರಲಿ.

ನಿಜ ಹೇಳಬೇಕೆಂದರೆ ನಮ್ಮ ಕರಾವಳಿಯವರಿಗೆ ಜಾಲತಾಣಕ್ಕಿಂತ ಒಳ್ಳೆ ದಾರಿ ಇದೆ. ನಮ್ಮಲ್ಲಿ ಯಾವ ಮನೆಯವರು ಹೊರದೇಶದಲ್ಲಿ ಇಲ್ಲ ಹೇಳಿ? ದುಬೈ, ಮಸ್ಕತ್, ಕುವೈತ್, ಬಹ್ರೇನ್. ಹಳೆ ವಿದ್ಯಾರ್ಥಿಗಳ ಗುಂಪಿನಲ್ಲಿ ಒಂದು ಮೆಸೇಜ್ ಹಾಕಿ: 'ನಿಮ್ಮ ಮಗುವಿನ ಶಾಲೆಯ ವಿಜ್ಞಾನದ ಟೀಚರನ್ನು ಪರಿಚಯ ಮಾಡಿಸ್ತೀರಾ?' ನನಗೆ ಬಿಷ್ಕೆಕ್ ಸಿಕ್ಕಿದ್ದು ಹಾಗೇ. ನಮ್ಮ ಹಳೆ ವಿದ್ಯಾರ್ಥಿನಿ ಅಲ್ಲಿ ಎಂಬಿಬಿಎಸ್ ಓದುತ್ತಿದ್ದಳು. ಅವಳಿಗೆ ಫೋನ್ ಮಾಡಿದರೆ, 'ಟೀಚರ್, ನನ್ನ ಮನೆ ಓನರಮ್ಮನ ತಂಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸ್ತಾರೆ, ಕೇಳ್ಲಾ?' ಅಂದಳು. ಎರಡು ದಿನಕ್ಕೆ ಕೆಲಸ ಆಯಿತು.

ಭಯ ಇದ್ದರೆ ಮೊದಲ ಸಲ ದೇಶದೊಳಗೇ ಮಾಡಿ ನೋಡಿ. ಶ್ರೀನಗರದ ಶಾಲೆಯಾದರೆ ಗಡಿಯಾರ ಒಂದೇ, ನೆರಳಿನ ಲೆಕ್ಕವೂ ಕೂಡುತ್ತದೆ.

ಮೊದಲ ಪತ್ರ

'ನಿಮ್ಮ ಜೊತೆ ಸೇರಿ ಏನಾದರೂ ಮಾಡಲು ಇಷ್ಟ' ಅಂತ ಬರೆದರೆ ಉತ್ತರ ಬರುವುದಿಲ್ಲ. ಆ ಟೀಚರಿಗೂ ನಿಮ್ಮಷ್ಟೇ ಕೆಲಸ ಇದೆ. ಓದಿದ ಕೂಡಲೇ ಹೌದು ಅಥವಾ ಇಲ್ಲ ಹೇಳುವ ಹಾಗೆ ಬರೆಯಿರಿ. ಮಕ್ಕಳ ವಯಸ್ಸು ಎಷ್ಟು, ಎಷ್ಟು ಜನ, ಮನೆಯಲ್ಲಿ ಯಾವ ಭಾಷೆ, ಇಂಗ್ಲಿಷ್ ಎಷ್ಟರ ಮಟ್ಟಿಗೆ. ಕೆಲಸ ಏನು, ಎಷ್ಟು ವಾರ, ವಾರಕ್ಕೆ ಎಷ್ಟು ಹೊತ್ತು. ನಿಮ್ಮಲ್ಲಿ ಏನೇನು ಇದೆ, ಏನು ಇಲ್ಲ. ನಾನು ಬರೆದಿದ್ದೆ: ಒಂದು ಟಿವಿ, ಒಂದು ಲ್ಯಾಪ್‌ಟಾಪ್, ನನ್ನ ಫೋನಿನ ಹಾಟ್‌ಸ್ಪಾಟ್, ಮತ್ತು ಮಳೆ ಬಂದರೆ ಕರೆಂಟ್ ಹೋಗುವ ಸಾಧ್ಯತೆ. ಇದನ್ನು ಬರೆಯಲು ನಾಚಿಕೆ ಬೇಡ. ಅವರದ್ದೂ ಎರಡು ಪಾಳಿಯ ಶಾಲೆ, ಮಧ್ಯಾಹ್ನ ಕೋಣೆ ಬೇರೆ ಮಕ್ಕಳಿಗೆ ಬಿಟ್ಟುಕೊಡಬೇಕು ಅಂತ ಉತ್ತರ ಬಂತು.

ಪತ್ರ ಕೂಡಿಬಂದ ಮೇಲೆ ಟೀಚರುಗಳಿಬ್ಬರೇ ಒಂದು ಸಲ ಕರೆಯಲ್ಲಿ ಕೂತು ಮಾತಾಡಿ, ಮಕ್ಕಳು ಬೇಡ. ಯೋಜನೆ ನಿಲ್ಲುವುದು ಮುರಿಯುವುದು ಇವರಿಬ್ಬರ ಮೇಲೆಯೇ.

ಅನುಮತಿ ಮತ್ತು ಮಕ್ಕಳ ಸುರಕ್ಷೆ

ಇದನ್ನು ಬೇಸರದ ಕಾಗದ ಕೆಲಸ ಅಂತ ಮುಂದೂಡಬೇಡಿ. ಹೆಡ್ ಮಾಸ್ತರರಿಗೆ ಒಂದು ಪುಟದ ಅರ್ಜಿ ಕೊಡಿ, ಎಸ್‌ಡಿಎಂಸಿ ಸಭೆಯಲ್ಲಿ ಹೇಳಿ, ಸರ್ಕಾರಿ ಶಾಲೆಯಾದರೆ ಬಿಇಒ ಕಚೇರಿಗೂ ಒಂದು ಪ್ರತಿ ಹೋಗಲಿ. ಹೊರದೇಶ ಅಂದ ಕೂಡಲೇ ಯಾರಾದರೂ ಹುಬ್ಬೇರಿಸುತ್ತಾರೆ. ಆಗ ತೋರಿಸಲು ಕಾಗದ ಇರಬೇಕು.

ಪೋಷಕರ ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಲಿ. ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಪ್ರಕಾರ 18 ವರ್ಷದ ಒಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು. ಮಗುವಿನ ಮುಖ ಕರೆಯಲ್ಲಿ ಕಾಣಬಹುದಾ, ಧ್ವನಿ ರೆಕಾರ್ಡ್ ಮಾಡಬಹುದಾ, ಫೋಟೊ ಹೊರಗೆ ಹಾಕಬಹುದಾ, ಮೂರನ್ನೂ ಬೇರೆ ಬೇರೆ ಕೇಳಿ. ನಮ್ಮಲ್ಲಿ ನಾಲ್ಕು ಮನೆಯವರು ಮುಖ ಬೇಡ ಅಂದರು. ಆ ಮಕ್ಕಳು ಅಳತೆ ಬರೆಯುವ, ನಕ್ಷೆ ಬಿಡಿಸುವ ಕೆಲಸ ಮಾಡಿದರು, ಯಾರಿಗೂ ಕೊರತೆ ಅನಿಸಲಿಲ್ಲ.

ಉಳಿದಂತೆ ನಿಯಮ ಕಮ್ಮಿ, ಆದರೆ ಗಟ್ಟಿ. ಮಕ್ಕಳ ಮೊದಲ ಹೆಸರು ಮಾತ್ರ. ಫೋನ್ ನಂಬರ್, ಇನ್‌ಸ್ಟಾಗ್ರಾಂ ಯಾವುದೂ ಕೊಡುವಂತಿಲ್ಲ. ಎಲ್ಲ ಮಾತು ಕ್ಲಾಸಿನ ಖಾತೆಯಿಂದಲೇ, ಟೀಚರ್ ಎದುರಿಗೇ. ಗೂಗಲ್ ಖಾತೆ ಸ್ವಂತವಾಗಿ ತೆರೆಯಲು ನಮ್ಮಲ್ಲಿ 13 ವರ್ಷ ಆಗಿರಬೇಕು, ಹಾಗಾಗಿ ಪ್ರಾಥಮಿಕದ ಮಕ್ಕಳಿಗೆ ಅದರ ಗೊಡವೆಯೇ ಬೇಡ.

ಗಡಿಯಾರ, ಕ್ಯಾಲೆಂಡರ್

ಇಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಯುರೋಪಿನವರು ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಇಡುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ. ಜರ್ಮನಿ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಇದು ನೆನಪಿಲ್ಲದೆ ನವೆಂಬರಿನಲ್ಲಿ ಒಮ್ಮೆ ನಲವತ್ತು ಮಕ್ಕಳನ್ನು ಖಾಲಿ ಪರದೆ ಎದುರು ಕೂರಿಸಿಕೊಂಡು ನಾನು ಅಂತ್ಯಾಕ್ಷರಿ ಹಾಡಿಸಿದ್ದೇನೆ. ಎರಡೂ ಊರಿನ ಹೊತ್ತನ್ನು ಪ್ರತಿ ಸಲ ಬರೆದು ಕಳಿಸಿ, 'ನಮಗೆ 11:30, ನಿಮಗೆ 12' ಅಂತ.

ನಮ್ಮ ಶಾಲೆ ಹೊತ್ತಿಗೆ ಹೊಂದುವ ದೇಶಗಳು ಬೇಕಾದಷ್ಟಿವೆ. ದುಬೈ ಒಂದೂವರೆ ಗಂಟೆ ಹಿಂದೆ, ಕೆನ್ಯಾ ಎರಡೂವರೆ ಗಂಟೆ ಹಿಂದೆ, ಜಪಾನ್ ಮೂರೂವರೆ ಗಂಟೆ ಮುಂದೆ, ಬಿಷ್ಕೆಕ್ ಬರೀ ಅರ್ಧ ಗಂಟೆ ಮುಂದೆ. ಅಮೆರಿಕದ ಜೊತೆ ಸುಮ್ನೆ ಹಟ ಮಾಡಬೇಡಿ, ನಮ್ಮ ಬೆಳಿಗ್ಗೆ ಹತ್ತು ಅವರ ರಾತ್ರಿ. ಅಲ್ಲಿಯವರೇ ಬೇಕು ಅಂದ್ರೆ ನೇರ ಕರೆ ಬಿಟ್ಟು ರೆಕಾರ್ಡ್ ಮಾಡಿದ ಧ್ವನಿ, ಪತ್ರಗಳಲ್ಲೇ ಮಾಡಿ. ಅದೂ ಚೆನ್ನಾಗಿಯೇ ಆಗುತ್ತದೆ.

ರಜೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಮಗೆ ಏಪ್ರಿಲ್, ಮೇ ರಜೆ. ಯುರೋಪ್, ಗಲ್ಫ್ ಕಡೆ ಜುಲೈ, ಆಗಸ್ಟ್. ಕಿರ್ಗಿಸ್ತಾನದಲ್ಲಿ ಶಾಲೆ ಶುರುವಾಗುವುದೇ ಸೆಪ್ಟೆಂಬರ್ 1ಕ್ಕೆ. ಕುವೈತಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಇದೆಲ್ಲ ಕಳೆದು ನಮ್ಮ ದಸರಾ ರಜೆಯೂ ಹೋದ ಮೇಲೆ ಉಳಿಯುವುದು ನವೆಂಬರಿನಿಂದ ಫೆಬ್ರವರಿವರೆಗೆ. ಜೂನ್, ಜುಲೈಯಲ್ಲಿ ನೇರ ಕರೆ ಇಡಲೇಬೇಡಿ. ಹಿಂದಿನ ರಾತ್ರಿ ಜಿಲ್ಲಾಧಿಕಾರಿಗಳು ಮಳೆಗೆ ರಜೆ ಕೊಟ್ಟರೆ ಆ ಕಡೆಯವರಿಗೆ ಅದನ್ನು ಅರ್ಥ ಮಾಡಿಸುವುದೇ ಒಂದು ಪಾಠ.

ಸಾಮಾನು

ಜಾಸ್ತಿ ಏನೂ ಬೇಡ. ಒಂದು ಲ್ಯಾಪ್‌ಟಾಪ್ ಅಥವಾ ಫೋನ್, ದೊಡ್ಡ ಪರದೆ, ಒಂದು ಸ್ಪೀಕರ್. ಗೂಗಲ್ ಮೀಟ್‌ನ ಉಚಿತ ಗುಂಪು ಕರೆ 60 ನಿಮಿಷ, ಜೂಮ್‌ನದ್ದು 40. ಮಕ್ಕಳಿಗೆ 40 ನಿಮಿಷವೇ ಜಾಸ್ತಿ. ಅಳತೆ ಬರೆಯಲು ಗೂಗಲ್ ಶೀಟ್, ಚಿತ್ರ ಮತ್ತು ಧ್ವನಿ ಅಂಟಿಸಲು ಪ್ಯಾಡ್ಲೆಟ್, ಅಷ್ಟು ಸಾಕು. ಒಂದು ಗಂಟೆಯ ಕರೆಗೆ ಒಂದು ಜಿಬಿ ಆಸುಪಾಸು ಡೇಟಾ ಹೋಗುತ್ತದೆ.

ಚಿತ್ರಕ್ಕಿಂತ ಧ್ವನಿ ಮುಖ್ಯ. ಚಿತ್ರ ಮಸುಕಾದರೆ ಮಕ್ಕಳು ಸಹಿಸುತ್ತಾರೆ, ಮಾತು ಕೇಳದಿದ್ದರೆ ಐದೇ ನಿಮಿಷದಲ್ಲಿ ಹಿಂದಿನ ಬೆಂಚು ಎದ್ದುಹೋಗುತ್ತದೆ. ಮಾಡಿಗೆ ಶೀಟ್ ಹಾಕಿದ ಕೋಣೆ ಬೇಡ, ಒಂದು ಹನಿ ಮಳೆ ಬಿದ್ದರೂ ಏನೂ ಕೇಳುವುದಿಲ್ಲ. ಹಳೆ ಹಂಚಿನ ಮಾಡಿನ ಕೋಣೆ ಇದ್ದರೆ ಅದೇ ಒಳ್ಳೆಯದು. ಮಾತಾಡುವ ಮಗು ಮೈಕ್ ಹತ್ತಿರ ಬರಲಿ, ಎರಡನೇ ಸಾಧನ ಅದೇ ಕರೆಯಲ್ಲಿ ಇದ್ದರೆ ಅದರ ಧ್ವನಿ ಬಂದ್ ಮಾಡಿ, ಇಲ್ಲದಿದ್ದರೆ ಕೂಗಾಟದ ಪ್ರತಿಧ್ವನಿ.

ಆರು ವಾರದ ಕೆಲಸ

ಮೊದಲ ಎರಡು ವಾರ ನೇರ ಕರೆ ಇಲ್ಲ. ಮಕ್ಕಳು ನಾಲ್ಕು ನಾಲ್ಕು ಜನರ ಗುಂಪಾಗಿ ತಮ್ಮನ್ನು ಪರಿಚಯ ಮಾಡಿಕೊಂಡು ಒಂದು ನಿಮಿಷದ ಧ್ವನಿ ಕಳಿಸುತ್ತಾರೆ. ತಪ್ಪಾದರೆ ಅಳಿಸಿ ಮತ್ತೆ ಹೇಳಬಹುದು, ಹಾಗಾಗಿ ಯಾವತ್ತೂ ಬಾಯಿ ಬಿಡದವರೂ ಬಾಯಿ ಬಿಡುತ್ತಾರೆ. ಪ್ರಶ್ನೆ ತಯಾರು ಮಾಡಿಸುವಾಗ ಹೌದು, ಇಲ್ಲ ಅನ್ನುವ ಉತ್ತರ ಬರುವುದನ್ನೆಲ್ಲ ತೆಗೆಸಿ. 'ನಿಮ್ಮಲ್ಲಿ ಮಳೆ ಬರುತ್ತದಾ?' ಅಲ್ಲ, 'ಶಾಲೆಗೆ ಬರುವ ದಾರಿಯಲ್ಲಿ ಏನೇನು ಸಿಗುತ್ತದೆ?'

ಇಂಗ್ಲಿಷ್ ಬಗ್ಗೆ ಹೆದರಿಕೆ ಇತ್ತು. ಆದರೆ ಆ ಮಕ್ಕಳಿಗೆ ಮನೆಯಲ್ಲಿ ಕಿರ್ಗಿಜ್, ಪೇಟೆಯಲ್ಲಿ ರಷ್ಯನ್, ಇಂಗ್ಲಿಷ್ ಮೂರನೆಯದು. ನಮ್ಮವರಿಗೆ ತುಳು, ಕನ್ನಡ, ಆಮೇಲೆ ಇಂಗ್ಲಿಷ್. ಎರಡೂ ಕಡೆ ತಡವರಿಕೆ ಸಮ ಸಮ! ಇಂಗ್ಲಿಷ್ ಮಾತೃಭಾಷೆಯವರ ಜೊತೆ ನಮ್ಮ ಮಕ್ಕಳು ಇಷ್ಟು ಮಾತಾಡುತ್ತಿರಲಿಲ್ಲ ಅಂತ ನನ್ನ ಲೆಕ್ಕ. ಮೂರನೇ ದಿನವೇ ಅಲ್ಲಿಂದ ತುಳುವಿನಲ್ಲಿ ಒಂದು ಧ್ವನಿ ಬಂತು, 'ಎಂಚ ಉಲ್ಲರ್?' ಅಂದರೆ 'ಹೇಗಿದ್ದೀರಿ?' ಕ್ಲಾಸಿಡೀ ಬೆಂಚು ಬಡಿಯಿತು.

ಮೂರನೇ ವಾರ ಅಭ್ಯಾಸದ ಅಳತೆ. ಒಂದು ಮೀಟರ್ ಉದ್ದದ ನೇರ ಪಿವಿಸಿ ಪೈಪ್ ತಗೊಳ್ಳಿ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟು ನೆಟ್ಟಗಿದೆಯಾ ನೋಡಿ. ಗಡಿಯಾರದ ಹನ್ನೆರಡಕ್ಕೆ ಸೂರ್ಯ ನಮ್ಮ ನೆತ್ತಿಯ ರೇಖೆಗೆ ಬರುವುದಿಲ್ಲ. ನಮ್ಮ ದೇಶದ ಹೊತ್ತು 82.5 ಡಿಗ್ರಿ ರೇಖಾಂಶದ್ದು, ಉಡುಪಿ ಅದಕ್ಕಿಂತ ಸುಮಾರು ಎಂಟು ಡಿಗ್ರಿ ಪಶ್ಚಿಮಕ್ಕೆ. ಸರಾಸರಿ ಲೆಕ್ಕದಲ್ಲಿ 12:31, ನವೆಂಬರ್ ಮಧ್ಯದಲ್ಲಿ 12:16ರ ಹೊತ್ತಿಗೆ. ಇದನ್ನೆಲ್ಲ ಮಕ್ಕಳಿಗೆ ಮೊದಲೇ ಹೇಳಬೇಡಿ. 11:50ರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿಸಿ. ಅತಿ ಗಿಡ್ಡ ನೆರಳು ಯಾವುದೋ ಅದೇ ನಡು ಮಧ್ಯಾಹ್ನ, ಅವರೇ ಕಂಡುಕೊಳ್ಳುತ್ತಾರೆ. ಸೂರ್ಯನನ್ನು ನೇರ ನೋಡಬಾರದು ಅಂತ ಹತ್ತು ಸಲ ಹೇಳಿ.

ನಾಲ್ಕನೇ ವಾರ ನಿಜವಾದ ಅಳತೆ. ಮೋಡ ಬಂದರೆ ಅಂತ ಎರಡು ದಿನ ಮೀಸಲು ಇಡಿ, ಎರಡೂ ಕಡೆ ಒಂದೇ ದಿನದ್ದಾಗಿರಬೇಕು. ನಮ್ಮ ನೆರಳು 64 ಸೆಂಟಿಮೀಟರ್, ಅವರದ್ದು 193. ತ್ರಿಕೋನಮಿತಿ ಗೊತ್ತಿರುವ ಮಕ್ಕಳು ಟ್ಯಾನ್ ಕೋಷ್ಟಕ ನೋಡುತ್ತಾರೆ, ಇಲ್ಲದವರು ಕಾಗದದಲ್ಲಿ ಹತ್ತನೇ ಒಂದರ ಅಳತೆಗೆ ತ್ರಿಕೋನ ಬಿಡಿಸಿ ಕೋನಮಾಪಕ ಇಟ್ಟರೆ ಸಾಕು. ನಮ್ಮದು 32.6 ಡಿಗ್ರಿ, ಅವರದ್ದು 62.6. ವ್ಯತ್ಯಾಸ 30. ಊರುಗಳ ನಡುವಿನ ದೂರ ನಕ್ಷೆಯಲ್ಲಿ ಸುಮಾರು 3,280 ಕಿಲೋಮೀಟರ್. ಮೂವತ್ತು ಡಿಗ್ರಿ ಅಂದರೆ ವೃತ್ತದ ಹನ್ನೆರಡನೇ ಒಂದು ಭಾಗ, ಹಾಗಾಗಿ 12ರಿಂದ ಗುಣಿಸಿ: 39,360. ಧ್ರುವಗಳ ಮೂಲಕ ಅಳೆದರೆ ನಿಜವಾದ ಸುತ್ತಳತೆ 40,008. ಪೈಪ್ ಮತ್ತು ಚಾಕ್‌ಪೀಸಿಗೆ ಇಷ್ಟು ಸಾಲದಾ?

ಐದನೇ ವಾರ ಮೊದಲ ನೇರ ಕರೆ. ಈ ಸಲ ಮೌನವೇ ಇರಲಿಲ್ಲ. 648 ಕಿಲೋಮೀಟರ್ ಎಲ್ಲಿ ಹೋಯಿತು, ಯಾರ ಕೋಲು ವಾಲಿತ್ತು, ಯಾರ ಟೇಪು ಸಡಿಲ ಅಂತ ಜಗಳ. ನಾವು ಟೀಚರುಗಳು ಮಧ್ಯೆ ಬಾಯಿ ಹಾಕಲಿಲ್ಲ. ಕರೆಗೆ ಮುಂಚೆ ಯಾರು ಯಾವಾಗ ಮಾತಾಡುವುದು ಅಂತ ಬರೆದ ಚೀಟಿ ಎರಡೂ ಕಡೆ ಇರಲಿ, ಕರೆ ಕಡಿದುಹೋದರೆ ಯಾರು ಮತ್ತೆ ಮಾಡುವುದು ಅಂತಲೂ ಅದರಲ್ಲೇ ಬರೆಯಿರಿ. ಕಡಿದೇ ಹೋಗುತ್ತದೆ, ಅಲ್ವಾ.

ಆರನೇ ವಾರ ಬರವಣಿಗೆ. ಎರಡೂ ಕಡೆಯ ಮಕ್ಕಳು ಸೇರಿ ಒಂದೇ ವರದಿ, ಎರಡಲ್ಲ. ಅದರ ಕನ್ನಡ ಪ್ರತಿ ನಮ್ಮ ಜಗಲಿಯಲ್ಲಿ ತೂಗುಹಾಕಿದೆವು, ಹೆತ್ತವರು ಓದಲಿ ಅಂತ.

ಫೆಬ್ರವರಿಯಲ್ಲಿ ಮಕ್ಕಳೇ ಇನ್ನೊಮ್ಮೆ ಅಳೆಯೋಣ ಅಂದರು. ನಮ್ಮದು 51 ಸೆಂಟಿಮೀಟರ್, ಅವರದ್ದು 137. ಲೆಕ್ಕ ಹಾಕಿದರೆ ಭೂಮಿಯ ಸುತ್ತಳತೆ ಸುಮಾರು 43,900, ಅಂದರೆ ಎರಡೂವರೆ ತಿಂಗಳಲ್ಲಿ ಭೂಮಿ ಊದಿಕೊಂಡಿತ್ತು! ಎರಡು ದಿನ ಯಾರಿಗೂ ತಪ್ಪು ಸಿಗಲಿಲ್ಲ. ಮೂರನೇ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅವರು ಕಳಿಸಿದ ಫೋಟೊವನ್ನು ಟಿವಿಯಲ್ಲಿ ದೊಡ್ಡದು ಮಾಡಿಸಿದಳು. 'ಟೀಚರ್, ಅವರ ಕೋಲಿನ ಬುಡ ನೋಡಿ.' ಅಂಗಳದಲ್ಲಿ ಹಿಮ ಬಿದ್ದಿತ್ತು, ಕೋಲು ಅದರೊಳಗೆ ಇಳಿದಿತ್ತು. ಹಿಮ ಎಷ್ಟು ಆಳ ಅಂತ ಅವಳೇ ಬರೆದು ಕೇಳಿದಳು. ಸಂಜೆಯೊಳಗೆ ಉತ್ತರ ಬಂತು, ಹತ್ತು ಸೆಂಟಿಮೀಟರ್. ಅವರ ಕೋಲಿನ ಎತ್ತರ ನೂರರ ಬದಲು ತೊಂಬತ್ತು ಹಾಕಿ ಮತ್ತೆ ಮಾಡಿದರು: 39,750ರ ಆಸುಪಾಸು.